ಅಪ್‌ಡೇಟ್: ರೈಲಿನಲ್ಲಿ ನಾಯಿ, ಚಳಿಗಾಲದ ಪಾಲ್ಕಿಗುಂಡು

ಬಳ್ಳಾರಿಯಿಂದ ಕೊಪ್ಪಳಕ್ಕೆ ರೈಲಲ್ಲಿ ನಾಯಿ ಕರ್ಕೊಂಡು ಹೋಗಿ ಪಾಲ್ಕಿಗುಂಡು ಗುಡ್ಡ ಹತ್ತೋದು ಹೆಂಗೆ ಅಂತ ಇಲ್ಲಿ ಕೇಳಿದ್ದೆ, ಹಲವರು ಸಲಹೆ ಕೊಟ್ಟಿದ್ರಿ. ಹೋಗಿಬಂದಾಯ್ತು.

ಕೆಲಸಕ್ಕೆ ಬಂದದ್ದು ನಿಲ್ದಾಣದ ಪಾರ್ಸಲ್ ಆಫೀಸಲ್ಲಿ ಬುಕ್ ಮಾಡಿ ಅನ್ನೋ ಸಲಹೆ. ಮೊದಲು ನಿಮ್ಮ ಟಿಕೆಟ್, ಅದನ್ನ ತೋರಿಸಿ ನಾಯಿಗೆ ಬುಕಿಂಗ್. ಅದು ಹೋಗೋದು ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಖಾಲಿ ಇದೆಯಾ ಅಂತ ಹಿಂದಿನ ದಿನವೇ ಕೇಳಿ. ಲಸಿಕೆ ಕಾರ್ಡು, ಪಶುವೈದ್ಯರ ಫಿಟ್ನೆಸ್ ಪತ್ರ, ಕೊರಳಪಟ್ಟಿ, ಸರಪಳಿ ಇರಲಿ. ನೀರು, ಊಟ ನಮ್ಮದೇ. ಕೆಲವರು "ಜನರಲ್‌ನಲ್ಲಿ ಸುಮ್ಮನೆ ಕೂರಿಸಿ" ಅಂದಿದ್ರಲ್ಲ, ಅದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ, ಸ್ಲೀಪರ್‌ನಲ್ಲೂ ಇಲ್ಲ. ಜೊತೆಗೇ ಬೇಕಂದ್ರೆ ಫಸ್ಟ್ ಎಸಿಯ ಇಡೀ ಕೂಪೆ (ಇಬ್ಬರ ಕೋಣೆ) ಹಿಡಿಯಬೇಕು.

ನಾಯಿಗೆ ಬೂಟು ಹಾಕೋದು ವ್ಯರ್ಥ. ಉಗುರಿನ ಹಿಡಿತ ತಪ್ಪಿ ಬಂಡೆ ಮೇಲೆ ಜಾರುತ್ತೆ.

ನಿರೀಕ್ಷೆ ಇಲ್ಲದ್ದು ಒಣಹುಲ್ಲಿನ ಚೂಪು ಬೀಜ. ಅದರ ಕೂದಲು ಒಂದೇ ದಿಕ್ಕಿಗೆ ಬಾಗಿರೋದ್ರಿಂದ ನಡೆದಷ್ಟೂ ಒಳಗೇ ಸರಿಯುತ್ತೆ, ತಾನಾಗಿ ಹೊರಬರಲ್ಲ. ಗುಡ್ಡ ಇಳಿದ ಕೂಡಲೇ ನಾಯಿಯ ಬೆರಳ ಸಂದು, ಕಂಕುಳು, ಕಿವಿ ನೋಡಿ. ಚಿಮಟದಿಂದ ನೇರ ಎಳೆಯಿರಿ. ಒಂದೇ ಸಮನೆ ತಲೆ ಕೊಡವುತ್ತಿದ್ದರೆ ಕಿವಿಗೆ ಏನೂ ತೂರಿಸದೆ ವೈದ್ಯರ ಹತ್ತಿರ ಹೋಗಿ. ನೆಗ್ಗಿಲು ಮುಳ್ಳಿಗೂ ಅದೇ ಚಿಮಟ ಸಾಕು.

ಚಳಿಗಾಲವಾದರೂ ಮಧ್ಯಾಹ್ನ ಬಂಡೆ ಕಾಯುತ್ತೆ. ಅಂಗೈ ಹಿಂಭಾಗ ಇಟ್ಟು 7 ಸೆಕೆಂಡು ತಡೆಯೋಕಾಗದಿದ್ರೆ ನಾಯಿ ಪಾದಕ್ಕೂ ಆಗಲ್ಲ. ಮೇಲೆ ಅಶೋಕನ ಶಾಸನ ಇದೆ, ಅಲ್ಲಿ ಸರಪಳಿ ಗಿಡ್ಡ ಹಿಡಿಯಿರಿ.

ಬದಲಿಗೆ ಆನೆಗೊಂದಿ ಗುಡ್ಡಕ್ಕೆ ಹೋಗಿ ಅನ್ನೋ ಸಲಹೆ ಕೈಬಿಟ್ಟೆ: ಆ ಕಡೆ ಚಿರತೆ ಇವೆ, ನಾಯಿ ಅಂದ್ರೆ ಅವಕ್ಕೆ ಸುಲಭದ ಬೇಟೆ.