ಹೊರದೇಶದ ಸರ್ವರ್‌ನಲ್ಲಿರುವ ಪೈರಸಿ ಪ್ರತಿಯನ್ನು ತೆಗೆಸುವುದು ಹೇಗೆ?

ಪ್ರಶ್ನೆ: ನಿರ್ಮಾಪಕ, ದಾವಣಗೆರೆ

ನಾವು ಮೂವರು ಸ್ನೇಹಿತರು ಸೇರಿ ನಿರ್ಮಿಸಿದ ಕನ್ನಡ ಚಿತ್ರ ಇತ್ತೀಚೆಗೆ ರಾಜ್ಯದ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು. ಅದೇ ವಾರ ವಿತರಕರೊಬ್ಬರ ಮೂಲಕ ಅಮೆರಿಕ ಮತ್ತು ದುಬೈಯಲ್ಲಿಯೂ ಕೆಲವು ಪ್ರದರ್ಶನಗಳು ನಡೆದವು. ಮೊದಲ ವಾರಾಂತ್ಯ ಮುಗಿಯುವ ಮುನ್ನವೇ, ಚಿತ್ರಮಂದಿರದೊಳಗೆ ಕದ್ದು ಚಿತ್ರೀಕರಿಸಿದ ಪ್ರತಿ ಒಂದು ಮೆಸೇಜಿಂಗ್ ಆ್ಯಪ್‌ನ ಚಾನೆಲ್‌ಗಳಲ್ಲಿ ಹರಿದಾಡತೊಡಗಿತು; ಅಲ್ಲಿಂದ ಎರಡು ಮೂರು ವೆಬ್‌ಸೈಟ್‌ಗಳಿಗೂ ಹೋಯಿತು. ಪೊಲೀಸರು ದೂರನ್ನೇನೋ ಸ್ವೀಕರಿಸಿದರು. ಆದರೆ ಸರ್ವರ್ ಯುರೋಪಿನಲ್ಲಿದೆ, ಡೊಮೇನ್ ಮತ್ತೊಂದು ದೇಶದಲ್ಲಿ ನೋಂದಣಿಯಾಗಿದೆ, ತಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ ಎಂದರು. ಕರ್ನಾಟಕದಲ್ಲಿ 2014ರ ತಿದ್ದುಪಡಿಯ ಮೂಲಕ ವಿಡಿಯೊ ಪೈರಸಿ ಮಾಡುವವರನ್ನೂ ಗೂಂಡಾ ಕಾಯ್ದೆಯ ವ್ಯಾಪ್ತಿಗೆ ತಂದಿದ್ದಾರೆಂದು ಓದಿದ್ದೇನೆ, ಆದರೆ ಮಾಡಿದವನು ಯಾರೆಂದೇ ತಿಳಿಯದಿರುವಾಗ ಅದರಿಂದ ನಮಗೇನು ಪ್ರಯೋಜನ?

ಭಾರತದಲ್ಲಿ ನಮಗಿರುವ ಕೃತಿಸ್ವಾಮ್ಯಕ್ಕೆ ಆ ದೇಶಗಳಲ್ಲಿ ಬೆಲೆ ಇದೆಯೇ, ಅಥವಾ ಪ್ರತಿಯೊಂದು ದೇಶದಲ್ಲಿಯೂ ಪ್ರತ್ಯೇಕವಾಗಿ ನೋಂದಾಯಿಸಬೇಕಿತ್ತೇ? ದೊಡ್ಡ ಸ್ಟುಡಿಯೊಗಳು ದೆಹಲಿ ಹೈಕೋರ್ಟಿನಿಂದ ತರುವಂಥ, ಪೈರಸಿ ಸೈಟ್‌ಗಳನ್ನು ನಿರ್ಬಂಧಿಸುವ ಆದೇಶಗಳ ಖರ್ಚನ್ನು ಭರಿಸಲಾಗದ ನಮ್ಮಂಥವರಿಗೆ ಬೇರೆ ದಾರಿ ಇದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ವಕೀಲೆ, ಬೆಂಗಳೂರು

ಮೊದಲಿಗೆ ಸಮಾಧಾನದ ಮಾತು: ನೀವು ಎಲ್ಲಿಯೂ ನೋಂದಾಯಿಸಬೇಕಿರಲಿಲ್ಲ. ಭಾರತವು 1928ರಿಂದಲೇ ಕೃತಿಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಸದಸ್ಯ ರಾಷ್ಟ್ರವಾಗಿದ್ದು, ಆ ಒಪ್ಪಂದದ ಪ್ರಕಾರ ಒಂದು ಸದಸ್ಯ ದೇಶದ ಕೃತಿಗೆ ಉಳಿದ ಸದಸ್ಯ ದೇಶಗಳು ತಮ್ಮ ಪ್ರಜೆಗಳ ಕೃತಿಗೆ ಕೊಡುವಷ್ಟೇ ರಕ್ಷಣೆಯನ್ನು ಯಾವುದೇ ನೋಂದಣಿಯ ಷರತ್ತಿಲ್ಲದೆ ಕೊಡಬೇಕು. ಆದರೆ ಹಕ್ಕು ಗಡಿ ದಾಟಿದರೂ ಅದನ್ನು ಜಾರಿಗೊಳಿಸುವ ಅಧಿಕಾರ ಗಡಿ ದಾಟುವುದಿಲ್ಲ. ಜರ್ಮನಿಯಲ್ಲಿ ನಡೆದ ಉಲ್ಲಂಘನೆಗೆ ಜರ್ಮನಿಯ ಕಾನೂನು, ಅಮೆರಿಕದಲ್ಲಿ ನಡೆದದ್ದಕ್ಕೆ ಅಮೆರಿಕದ ಕಾನೂನು. ಅಮೆರಿಕದಲ್ಲಿ ಒಂದು ಸೂಕ್ಷ್ಮವಿದೆ: ವಿದೇಶಿ ಚಿತ್ರದ ಮಾಲೀಕರು ನೋಂದಣಿಯಿಲ್ಲದೆಯೂ ದಾವೆ ಹೂಡಬಹುದು, ಆದರೆ ನಷ್ಟವನ್ನು ಸಾಬೀತುಪಡಿಸದೆಯೇ ಕಾನೂನೇ ನಿಗದಿಪಡಿಸಿದ ಪರಿಹಾರವನ್ನು ಕೇಳಲು ಉಲ್ಲಂಘನೆಗೆ ಮುಂಚೆಯೇ, ಅಥವಾ ಪ್ರಕಟಣೆಯಾದ ಮೂರು ತಿಂಗಳೊಳಗೆ, ಅಲ್ಲಿ ನೋಂದಾಯಿಸಿರಬೇಕು. ಉದ್ದೇಶಪೂರ್ವಕ ಉಲ್ಲಂಘನೆಗೆ ಈ ಪರಿಹಾರ ಕೃತಿಯೊಂದಕ್ಕೆ 1,50,000 ಡಾಲರ್‌ವರೆಗೆ ಹೋಗಬಹುದು. ಅಲ್ಲಿ ಬಿಡುಗಡೆ ಮಾಡುವ ಯೋಚನೆಯಿರುವ ನಿರ್ಮಾಪಕರು ನೋಂದಣಿಯ ಅಲ್ಪ ಶುಲ್ಕವನ್ನು ಉಳಿಸಲು ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ನಿಮಗೆ ಈಗ ಬೇಕಾಗಿರುವುದು ದಾವೆಯಲ್ಲ. ಪೈರಸಿ ಮಾಡಿದವನಿಗೆ ವಿಳಾಸವಿಲ್ಲದಿದ್ದರೂ ಅವನು ಬಳಸುವ ಹೋಸ್ಟಿಂಗ್ ಕಂಪನಿ, ಸರ್ಚ್ ಎಂಜಿನ್, ಡೊಮೇನ್ ರಿಜಿಸ್ಟ್ರಾರ್ ಮತ್ತು ಮೆಸೇಜಿಂಗ್ ಆ್ಯಪ್‌ಗಳಿಗೆ ವಿಳಾಸವಿದೆ; ನಿಮ್ಮ ಶ್ರಮವೆಲ್ಲ ಅಲ್ಲಿಗೆ ಹೋಗಲಿ. ಡಿಜಿಟಲ್ ಕೃತಿಸ್ವಾಮ್ಯಕ್ಕೆ ಸಂಬಂಧಿಸಿದ ಅಮೆರಿಕದ 1998ರ ಡಿಎಂಸಿಎ ಕಾನೂನಿನಡಿ, ಕದ್ದ ಪ್ರತಿಯನ್ನು ತೆಗೆಯಿರೆಂದು ನೋಟಿಸ್ ಕಳುಹಿಸಲು ನ್ಯಾಯಾಲಯದ ಆದೇಶವೂ ಬೇಡ, ವಕೀಲರೂ ಬೇಡ. ಕೃತಿ ಯಾವುದು, ಉಲ್ಲಂಘನೆಯ ನಿಖರವಾದ ಲಿಂಕ್ ಯಾವುದು, ನಿಮ್ಮ ಸಂಪರ್ಕ ವಿವರ, ಈ ಬಳಕೆಗೆ ಅನುಮತಿಯಿಲ್ಲವೆಂಬ ಪ್ರಾಮಾಣಿಕ ನಂಬಿಕೆಯ ಹೇಳಿಕೆ, ಕೊಟ್ಟ ಮಾಹಿತಿ ಸರಿಯಾಗಿದೆಯೆಂಬ ಹೇಳಿಕೆ, ಹಕ್ಕುದಾರರ ಪರವಾಗಿ ವರ್ತಿಸುವ ಅಧಿಕಾರ ತಮಗಿದೆಯೆಂಬ ಪ್ರಮಾಣ ಮತ್ತು ಸಹಿ, ಇಷ್ಟಿದ್ದರೆ ಸಾಕು. ಸೈಟ್‌ನ ಹೆಸರನ್ನಷ್ಟೇ ಬರೆದು ಕಳುಹಿಸಿದರೆ ಉಪಯೋಗವಿಲ್ಲ, ಪ್ರತಿಯೊಂದು ಪುಟದ ವಿಳಾಸವೂ ಬೇಕು. ಸೈಟ್ ಮತ್ತು ನೋಡುಗರ ನಡುವೆ ನಿಲ್ಲುವ ಕ್ಲೌಡ್‌ಫ್ಲೇರ್‌ನಂಥ ಸೇವೆಯ ಹಿಂದೆ ಅಡಗಿರುವ ಸೈಟ್‌ನ ನಿಜವಾದ ಹೋಸ್ಟ್ ಹೊರಗೆ ಕಾಣುವುದಿಲ್ಲ; ಅಂಥ ಸಂದರ್ಭದಲ್ಲಿ ಆ ಸೇವೆಗೇ ದೂರು ಸಲ್ಲಿಸಿದರೆ ಅದು ಹೋಸ್ಟ್‌ಗೆ ತಲುಪುತ್ತದೆ.

ಭಾರತದೊಳಗೆ ನಿಮಗೆ ಖರ್ಚಿಲ್ಲದ ದಾರಿಯೊಂದಿದೆ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ಸೇರಿಸಿದ 6ಎಎ ಮತ್ತು 6ಎಬಿ ಸೆಕ್ಷನ್‌ಗಳ ಪ್ರಕಾರ, ಅನುಮತಿಯಿಲ್ಲದೆ ಚಿತ್ರವನ್ನು ರೆಕಾರ್ಡ್ ಮಾಡುವವರಿಗೂ ಅದನ್ನು ಪ್ರದರ್ಶಿಸುವವರಿಗೂ ಮೂರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವಿದೆ. ದಂಡ ಕನಿಷ್ಠ 3 ಲಕ್ಷ ರೂಪಾಯಿ, ಗರಿಷ್ಠ ಚಿತ್ರದ ಲೆಕ್ಕಪರಿಶೋಧಿತ ನಿರ್ಮಾಣ ವೆಚ್ಚದ ಶೇ 5. ಅದೇ ವರ್ಷದ ನವೆಂಬರ್‌ನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಸೆನ್ಸಾರ್ ಮಂಡಳಿಯಲ್ಲಿಯೂ ಪತ್ರಿಕಾ ವಾರ್ತಾ ಕಾರ್ಯಾಲಯದಲ್ಲಿಯೂ ಪೈರಸಿ ದೂರುಗಳನ್ನು ಸ್ವೀಕರಿಸುವ ನೋಡಲ್ ಅಧಿಕಾರಿಗಳನ್ನು ನೇಮಿಸಿತು. ಕೃತಿಸ್ವಾಮ್ಯದ ಮಾಲೀಕರು ದೂರು ಕೊಟ್ಟರೆ ಆ ಅಧಿಕಾರಿಗಳು ನೀಡುವ ನಿರ್ದೇಶನವನ್ನು ಮಧ್ಯವರ್ತಿ ಸಂಸ್ಥೆಗಳು (ಪ್ರತಿ ಹರಡುತ್ತಿರುವ ಅಂತರ್ಜಾಲ ವೇದಿಕೆಗಳು) 48 ಗಂಟೆಗಳೊಳಗೆ ಪಾಲಿಸಬೇಕು.

ಪೊಲೀಸರ ವಿಷಯದಲ್ಲಿಯೂ ನೀವು ಕೈಚೆಲ್ಲಬೇಕಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ನಡಿಯ ಉಲ್ಲಂಘನೆ ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಮತ್ತು ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಅದೇ ವರ್ಷ ಆಗಸ್ಟ್‌ನಲ್ಲಿ, ಕೋಚಿಂಗ್ ಶಿಕ್ಷಕಿಯೊಬ್ಬರ ಪಾಠಗಳನ್ನು ಹಂಚುತ್ತಿದ್ದ ಟೆಲಿಗ್ರಾಂ ಚಾನೆಲ್‌ಗಳ ನಿರ್ವಾಹಕರ ವಿವರಗಳನ್ನು ಕೊಡುವಂತೆ ದೆಹಲಿ ಹೈಕೋರ್ಟ್ ಆದೇಶಿಸಿತು. ಸರ್ವರ್ ಸಿಂಗಪುರದಲ್ಲಿದೆ, ಅಲ್ಲಿನ ಗೋಪ್ಯತಾ ಕಾನೂನು ಅಡ್ಡಬರುತ್ತದೆ ಎಂಬ ವಾದವನ್ನು ಅದು ಒಪ್ಪಲಿಲ್ಲ. ‘ಸರ್ವರ್ ಹೊರಗಿದೆ’ ಎಂದವರಿಗೆ ತೋರಿಸಲು ಇದು ಒಳ್ಳೆಯ ತೀರ್ಪು.

ಉತ್ತರ: ಡಿಜಿಟಲ್ ಸಿನಿಮಾ ತಂತ್ರಜ್ಞ

ಮೇಡಂ ಹೇಳಿದ್ದಕ್ಕೆ ಒಂದು ಸೇರ್ಪಡೆ. ಪ್ರತಿ ಎಲ್ಲಿ ಹರಡುತ್ತಿದೆ ಎಂಬುದರಷ್ಟೇ ಅದು ಎಲ್ಲಿ ಹುಟ್ಟಿತು ಎಂಬುದೂ ಮುಖ್ಯ. ಡಿಸಿಐ ಎಂಬ ಡಿಜಿಟಲ್ ಸಿನಿಮಾ ಮಾನದಂಡಕ್ಕೆ ಬದ್ಧವಾದ ಪ್ರೊಜೆಕ್ಷನ್ ಸರ್ವರ್‌ಗಳು ಚಿತ್ರ ಪ್ರದರ್ಶನದ ಸಮಯದಲ್ಲಿಯೇ ಕಣ್ಣಿಗೆ ಕಾಣದ ಗುರುತನ್ನು ಚಿತ್ರದಲ್ಲಿ ಬೆರೆಸುತ್ತವೆ. ಅದರಲ್ಲಿ ಸಮಯಕ್ಕೆ 16 ಬಿಟ್, ಉಪಕರಣ ಅಥವಾ ಸ್ಥಳದ ಗುರುತಿಗೆ 19 ಬಿಟ್ ಮೀಸಲಿದ್ದು, ಈ ಮಾಹಿತಿ ಚಿತ್ರದ ಪ್ರತಿ ಐದು ನಿಮಿಷದ ಭಾಗದಲ್ಲಿಯೂ ಇರುವುದರಿಂದ ತುಂಡು ಪ್ರತಿಯೊಂದು ಸಿಕ್ಕರೂ ಯಾವ ಪರದೆಯಲ್ಲಿ, ಯಾವ ಆಟದಲ್ಲಿ ರೆಕಾರ್ಡ್ ಆಗಿದೆಯೆಂದು ಕಂಡುಹಿಡಿಯಲು ಸಾಧ್ಯ. ನಿಮ್ಮ ಡಿಸಿಪಿ (ಚಿತ್ರಮಂದಿರಗಳಿಗೆ ಹೋಗುವ ಡಿಜಿಟಲ್ ಪ್ರತಿ) ಸಿದ್ಧಪಡಿಸಿದವರಿಗೆ, ಅದನ್ನು ತೆರೆಯುವ ಕೆಡಿಎಂ ಎಂಬ ಡಿಜಿಟಲ್ ಕೀಲಿಗಳನ್ನು ಕಳುಹಿಸಿದವರಿಗೆ ಕದ್ದ ಪ್ರತಿಯ ಅತ್ಯುತ್ತಮ ಗುಣಮಟ್ಟದ ಫೈಲ್ ಕೊಟ್ಟು ಗುರುತನ್ನು ಓದಿಸಿರಿ. ಮೂಲ ಅಮೆರಿಕದ ಚಿತ್ರಮಂದಿರವೆಂದು ತಿಳಿದುಬಂದರೆ, ಅಲ್ಲಿ 2005ರಿಂದಲೂ ಚಿತ್ರಮಂದಿರದ ರೆಕಾರ್ಡಿಂಗ್ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಅರ್ಹವಾದ ಫೆಡರಲ್ ಅಪರಾಧ. ಮೂಲ ನಮ್ಮ ರಾಜ್ಯದ್ದೇ ಆಗಿದ್ದರೆ ನಿಮ್ಮ ಠಾಣೆಯವರಿಗೆ ಸರ್ವರ್‌ನ ನೆಪ ಹೇಳಲು ಅವಕಾಶವೇ ಉಳಿಯುವುದಿಲ್ಲ.

ಉತ್ತರ: ಕನ್ನಡ ಚಿತ್ರಪ್ರೇಮಿ, ನ್ಯೂಜೆರ್ಸಿ

ಇಷ್ಟೆಲ್ಲ ಓದಿದ ಮೇಲೂ ನನಗೆ ಸಂಶಯ ಉಳಿದಿದೆ. ಭಾರತದ ನ್ಯಾಯಾಲಯ ನಿರ್ಬಂಧಿಸಿದ ಸೈಟ್ ಅಲ್ಲಿನ ಇಂಟರ್‌ನೆಟ್ ಕಂಪನಿಗಳ ಗ್ರಾಹಕರಿಗೆ ಮಾತ್ರ ಮುಚ್ಚಿರುತ್ತದೆ, ನನಗೆ ಇಲ್ಲಿ ತೆರೆದೇ ಇರುತ್ತದೆ. ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರಗಳಲ್ಲಿ ಸೈಟ್ ನಿರ್ಬಂಧಿಸುವ ಕಾನೂನಿದೆ. ಅಮೆರಿಕದಲ್ಲಿ ಅಂಥದ್ದನ್ನು ತರಹೊರಟ ಸೋಪಾ ಮಸೂದೆ 2012ರ ಜನವರಿಯ ಪ್ರತಿಭಟನೆಗಳ ನಂತರ ಮೂಲೆ ಸೇರಿತು. ಸೈಟ್ ನಿಜವಾಗಿ ಮುಚ್ಚುವುದು ನಡೆಸುವವನು ಸಿಕ್ಕಿಬಿದ್ದಾಗ. ಪೈರಸಿ ಸೈಟ್‌ಗಳಲ್ಲಿ ಕಿಕ್ಯಾಸ್ ಟೊರೆಂಟ್ಸ್ ಮುಚ್ಚಿದ್ದು 2016ರಲ್ಲಿ ಪೋಲೆಂಡಿನಲ್ಲಿ ಬಂಧನವಾದ ಮೇಲೆ, ಎಫ್‌ಮೂವೀಸ್ ಮುಚ್ಚಿದ್ದು 2024ರಲ್ಲಿ ಹನೋಯ್ ಪೊಲೀಸರು ಕೈಹಾಕಿದ ಮೇಲೆ. ಮೊದಲನೆಯದರ ಹಿಂದೆ ಅಮೆರಿಕ ಸರ್ಕಾರವಿತ್ತು, ಎರಡನೆಯದರ ಹಿಂದೆ ಹಾಲಿವುಡ್ ಸ್ಟುಡಿಯೊಗಳ ಕೂಟವಿತ್ತು. ತೆಲುಗು ಚಿತ್ರಗಳ ಪೈರಸಿ ಸೈಟ್ ಐಬೊಮ್ಮ ಪ್ರಕರಣದಲ್ಲಿ ಸಹ ಆರೋಪಿ ವಿದೇಶದಿಂದ ಬಂದಿದ್ದಾಗ 2025ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲಿ ಸಿಕ್ಕಿದ, ಹೊರದೇಶದಲ್ಲಿ ಅಲ್ಲ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಕನ್ನಡ ಚಿತ್ರ ಇಲ್ಲಿ ಒಂದೆರಡು ಊರುಗಳಲ್ಲಿ, ಒಂದೆರಡು ಆಟ ಕಂಡು ಹೋಗುತ್ತದೆ. ದೂರದ ಊರಿನಲ್ಲಿರುವವರಿಗೆ ಹಣ ಕೊಟ್ಟು ನೋಡುವ ದಾರಿ ತಿಂಗಳುಗಟ್ಟಲೆ ಇರುವುದಿಲ್ಲ. ಹೊರದೇಶಕ್ಕೆ ಮಾತ್ರ ಬಾಡಿಗೆಯ ಸ್ಟ್ರೀಮಿಂಗ್ ಬೇಗ ತೆರೆದರೆ ನಿಮ್ಮ ನೋಟಿಸ್‌ಗಳಿಗಿಂತ ಹೆಚ್ಚು ಜನ ಕದ್ದ ಪ್ರತಿಯಿಂದ ದೂರವಾಗುತ್ತಾರೆ.

ಉತ್ತರ: ವಕೀಲೆ, ಬೆಂಗಳೂರು

ನ್ಯೂಜೆರ್ಸಿಯವರ ಎರಡನೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಮೊದಲನೆಯದನ್ನು ಅರ್ಧ. ನಿರ್ಬಂಧದ ಆದೇಶಗಳ ಬಗ್ಗೆ ನಮ್ಮ ನ್ಯಾಯಾಲಯಗಳಲ್ಲಿಯೇ ಭಿನ್ನಾಭಿಪ್ರಾಯವಿತ್ತು: 2016ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರು, ಲಿಂಕ್‌ಗಳನ್ನು ಪರಿಶೀಲಿಸದೆ ಇಡೀ ಸೈಟ್‌ಗಳನ್ನು ಮುಚ್ಚಿಸಲು ನಿರಾಕರಿಸಿದ್ದರು. ಅಮಾಯಕ ಸೈಟ್‌ಗಳು ಸಿಕ್ಕಿಬೀಳಬಾರದೆಂಬ ಆ ಎಚ್ಚರಿಕೆ ಇಂದಿಗೂ ಅಗತ್ಯ. 2019ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಯುಟಿವಿ ಪ್ರಕರಣದಲ್ಲಿ ಪೈರಸಿಗೆಂದೇ ಇರುವ ಸೈಟ್‌ಗಳನ್ನು ಗುರುತಿಸುವ ಲಕ್ಷಣಗಳನ್ನು ಪಟ್ಟಿಮಾಡಿ, ಅಂಥವು ಹೊಸ ಹೆಸರಿನಲ್ಲಿ ಬಂದರೂ ಅದೇ ಆದೇಶವನ್ನು ವಿಸ್ತರಿಸಲು ಅವಕಾಶ ಕೊಟ್ಟಿತು. 2023ರ ಆಗಸ್ಟ್‌ನಲ್ಲಿ ಅದೇ ಹೈಕೋರ್ಟ್ ಇಂಥ ಆದೇಶವನ್ನು ಇನ್ನೂ ನಿರ್ಮಾಣವಾಗಬೇಕಿರುವ ಕೃತಿಗಳಿಗೂ ವಿಸ್ತರಿಸಿತು. ನಿರ್ಬಂಧ ಶಾಶ್ವತವಲ್ಲ, ನಿಜ. ಆದರೆ ಚಿತ್ರವೊಂದರ ಗಳಿಕೆ ಮೊದಲ ಎರಡು ವಾರಗಳಲ್ಲಿಯೇ ಮುಗಿಯುವಾಗ ಅಷ್ಟು ಕಾಲ ತಡೆದರೂ ಅದಕ್ಕೆ ಬೆಲೆ ಇದೆ.

ನಿರ್ಮಾಪಕ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಮೇಡಂ, ಒಂದು ಗೊಂದಲವಿದೆ. ವಿದೇಶಿ ವಿತರಕರೊಂದಿಗಿನ ನಮ್ಮ ಒಪ್ಪಂದ ಒಂದೇ ಪುಟದ್ದು. ಅದರಲ್ಲಿ ‘ಚಿತ್ರಮಂದಿರ ಪ್ರದರ್ಶನದ ಹಕ್ಕು’ ಎಂದಷ್ಟೇ ಇದೆ, ಯಾವ ಯಾವ ದೇಶ, ಎಷ್ಟು ವರ್ಷ ಎಂಬುದಿಲ್ಲ. ಹಾಗಿರುವಾಗ ನೋಟಿಸ್‌ಗೆ ಸಹಿ ಮಾಡಬೇಕಾದವರು ನಾವೋ ಅವರೋ?

ಉತ್ತರ: ವಕೀಲೆ, ಬೆಂಗಳೂರು

ನೀವೇ. ಅವರಿಗೆ ಕೊಟ್ಟಿರುವುದು ಚಿತ್ರಮಂದಿರದ ಹಕ್ಕು ಮಾತ್ರವಾದ್ದರಿಂದ ಅಂತರ್ಜಾಲದಲ್ಲಿ ಚಿತ್ರವನ್ನು ಸಾರ್ವಜನಿಕರಿಗೆ ತಲುಪಿಸುವ ಹಕ್ಕು ನಿಮ್ಮಲ್ಲಿಯೇ ಉಳಿದಿದೆ, ನೋಟಿಸ್ ಹೋಗಬೇಕಾದದ್ದು ಆ ಹಕ್ಕಿನ ಉಲ್ಲಂಘನೆಗೆ. ಆದರೂ ಆ ಒಪ್ಪಂದವನ್ನು ಹಾಗೆಯೇ ಬಿಡಬೇಡಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತವೆಂದೂ ಭಾವಿಸಲಾಗುತ್ತದೆ. ಅಂದರೆ ವಿದೇಶಕ್ಕೆಂದು ಬರೆದುಕೊಂಡ ನಿಮ್ಮ ಕಾಗದ, ಅಕ್ಷರಶಃ ಓದಿದರೆ, ವಿದೇಶದಲ್ಲಿ ಅವರಿಗೆ ಯಾವ ಹಕ್ಕನ್ನೂ ಕೊಡುವುದಿಲ್ಲ. ದುಬೈಯಲ್ಲೋ ಅಮೆರಿಕದಲ್ಲೋ ಚಿತ್ರಮಂದಿರದ ರೆಕಾರ್ಡಿಂಗ್ ಬಗ್ಗೆ ಅವರು ದೂರು ಕೊಟ್ಟರೆ ಎದುರಿನವರು ಮೊದಲು ಹಿಡಿಯುವುದು ಇದನ್ನೇ. ದೇಶಗಳ ಹೆಸರು, ಅವಧಿ ಮತ್ತು ಪೈರಸಿ ವಿರುದ್ಧ ಕ್ರಮ ಕೈಗೊಳ್ಳುವ ಅಧಿಕಾರ ಯಾರದೆಂಬುದನ್ನು ಸೇರಿಸಿ ಇಬ್ಬರೂ ಸಹಿ ಮಾಡಿದ ಪೂರಕ ಪತ್ರವನ್ನು ಈ ವಾರವೇ ಮಾಡಿಸಿಕೊಳ್ಳಿ. ನೋಡಲ್ ಅಧಿಕಾರಿಗೆ ಕೊಡುವ ದೂರಿಗೂ ಅದರ ಪ್ರತಿಯನ್ನು, ಸೆನ್ಸಾರ್ ಪ್ರಮಾಣಪತ್ರದ ಜೊತೆಗೆ, ಲಗತ್ತಿಸಿ.