ಲಿವರ್‌ನಲ್ಲಿ 3.2 ಸೆಂ.ಮೀ. ಗಡ್ಡೆ: ಬಯಾಪ್ಸಿ ಬೇಕಾ?

ಪ್ರಶ್ನೆ (ದಾವಣಗೆರೆ): ಅಕ್ಕನಿಗೆ 36 ವರ್ಷ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಲಿವರ್ ಬಲಭಾಗದಲ್ಲಿ ಬಿಳಿ ಗಡ್ಡೆ ಕಂಡಿದೆ, 'ಹಿಮಾಂಜಿಯೋಮಾ ಇರಬಹುದು' ಅಂತ ಬರೆದಿದ್ದಾರೆ. ಮನೆಯಲ್ಲಿ ಸೂಜಿ ಹಾಕಿಸಿ ಚೂರು ತೆಗೆಸಿ (ಬಯಾಪ್ಸಿ) ಅಂತಿದ್ದಾರೆ. ತಿಳಿದವರು ಹೇಳಿ.

ರೇಡಿಯಾಲಜಿ, ವಿದ್ಯಾನಗರ: ಸೂಜಿ ಮಾತು ಬಿಡ್ರಿ. ಚೀಟಿಯಲ್ಲಿ 'ಟ್ರೈಫೇಸಿಕ್ ಸಿ.ಟಿ.' ಅಂತಲೇ ಬರೆಸಿ, ಅಂದರೆ ಕಾಂಟ್ರಾಸ್ಟ್ ಔಷಧಿ ಚುಚ್ಚಿ ಮೂರು ಹೊತ್ತಿಗೆ ಚಿತ್ರ ತೆಗೆಯೋದು. ಬರೀ 'ಕಾಂಟ್ರಾಸ್ಟ್ ಸಿ.ಟಿ.' ಅಂದರೆ ಎಷ್ಟೋ ಕಡೆ 70 ಸೆಕೆಂಡಿನ ಪೋರ್ಟಲ್ ಫೇಸ್ (ಔಷಧಿ ಲಿವರಿನ ಪೋರ್ಟಲ್ ರಕ್ತನಾಳಕ್ಕೆ ಬಂದಾಗಿನ ಚಿತ್ರ) ಒಂದೇ ತೆಗೆದು ಕಳಿಸ್ತಾರೆ. ಹಿಮಾಂಜಿಯೋಮಾ ಅಂದರೆ ರಕ್ತನಾಳಗಳ ಕ್ಯಾನ್ಸರಲ್ಲದ ಗಂಟು; ಅದಕ್ಕೆ ಸುಮಾರು 35ನೇ ಸೆಕೆಂಡಿನ ಆರ್ಟೀರಿಯಲ್ (ಔಷಧಿ ಅಪಧಮನಿಯಲ್ಲಿರುವಾಗಿನ ಚಿತ್ರ) ಬೇಕು, 3ರಿಂದ 5 ನಿಮಿಷದ ಡಿಲೇಡ್ (ತಡವಾಗಿ ತೆಗೆಯೋ ಚಿತ್ರ) ಅಂತೂ ಬೇಕೇ ಬೇಕು. ಮೊದಲು ಅಂಚಿನಲ್ಲಿ ಗಂಟುಗಂಟಾಗಿ, ಅಯೋರ್ಟಾ ಅನ್ನೋ ದೊಡ್ಡ ರಕ್ತನಾಳದಷ್ಟೇ ಬೆಳ್ಳಗೆ ಹೊಳೆಯುತ್ತೆ, ಆಮೇಲೆ ನಿಧಾನಕ್ಕೆ ಒಳಕ್ಕೆ ತುಂಬುತ್ತೆ. ಡಿಲೇಡ್ ತೆಗೆಯದಿದ್ದರೆ ಆ ತುಂಬುವಿಕೆಯೇ ಸಿಗಲ್ಲ. 'ಖಚಿತವಿಲ್ಲ' ಅಂತ ರಿಪೋರ್ಟ್ ಬರುತ್ತೆ. ಮತ್ತೆ ಕಿಡ್ನಿಯ ಕ್ರಿಯೇಟಿನಿನ್ ಟೆಸ್ಟ್, ಮತ್ತೆ ಕಾಂಟ್ರಾಸ್ಟ್, ಮತ್ತೆ ಪೂರ್ತಿ ಬಿಲ್.

ಪೆಥಾಲಜಿ, ಪಿ.ಜೆ. ಬಡಾವಣೆ: ಹಿಮಾಂಜಿಯೋಮಾಗೆ ಸೂಜಿ ಬೇಡ, ಒಪ್ಪಿದೆ. ಆದರೆ ಎಲ್ಲದಕ್ಕೂ ಬೇಡ ಅಂತ ಜನರನ್ನ ಹೆದರಿಸಬೇಡಿ. ಎಫ್‌ಎನ್‌ಎಚ್ (ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ), ಅಡಿನೋಮಾ ಎರಡೂ ಕ್ಯಾನ್ಸರಲ್ಲದ ಲಿವರ್ ಗಡ್ಡೆಗಳು; ಅವನ್ನ ಎಫ್‌ಎನ್‌ಎಸಿಯಲ್ಲಿ (ಸಣ್ಣ ಸೂಜಿಯಲ್ಲಿ ಜೀವಕೋಶ ಹೀರಿ ನೋಡೋದು) ಬೇರೆ ಮಾಡೋಕಾಗಲ್ಲ. ಬರೋದು ಬರೀ ಲಿವರ್ ಜೀವಕೋಶ. 18 ಗೇಜಿನ ದಪ್ಪ ಸೂಜಿಯಲ್ಲಿ ತೆಗೆದ ಚೂರು (ಕೋರ್) ಬೇಕು, ಪಕ್ಕದ ಚೆನ್ನಾಗಿರೋ ಲಿವರಿನದೂ ಒಂದು ಚೂರು ಬೇಕು. ಗ್ಲುಟಮಿನ್ ಸಿಂಥೆಟೇಸ್ ಅನ್ನೋ ಕಿಣ್ವ ತೋರಿಸೋ ಸ್ಟೇನ್ (ಬಣ್ಣ) ಹಾಕಿದರೆ ಎಫ್‌ಎನ್‌ಎಚ್‌ನಲ್ಲಿ ಭೂಪಟದ ಹಾಗೆ ಅಗಲಗಲ ಪಟ್ಟೆ ಬೀಳುತ್ತೆ.

ವಿದ್ಯಾನಗರ: ಎಫ್‌ಎನ್‌ಎಚ್‌ಗೆ ಸೂಜಿ ಯಾಕ್ರೀ? ಗ್ಯಾಡಾಕ್ಸೆಟೇಟ್ ಅನ್ನೋ ಲಿವರ್ ಕಾಂಟ್ರಾಸ್ಟ್ ಹಾಕಿ ಎಂ.ಆರ್.ಐ. ಮಾಡಿದರೆ 20ನೇ ನಿಮಿಷದಲ್ಲಿ ಅದು ಬೆಳ್ಳಗೇ ಉಳಿಯುತ್ತೆ, ಅಡಿನೋಮಾ ಸಾಮಾನ್ಯವಾಗಿ ಕಪ್ಪಾಗುತ್ತೆ.

ಪಿ.ಜೆ. ಬಡಾವಣೆ: ಆ 'ಸಾಮಾನ್ಯವಾಗಿ'ಯಲ್ಲೇ ಅಪಾಯ ಇರೋದು! ಬೀಟಾ ಕೆಟೆನಿನ್ ಜೀನ್ ಕೆಟ್ಟಿರೋ ಅಡಿನೋಮಾನೂ ಬೆಳ್ಳಗೆ ಉಳೀಬಹುದು. ಕ್ಯಾನ್ಸರಿಗೆ ತಿರುಗೋ ಜಾತಿ ಅದೇ. ಫಿಲ್ಮ್ ನೋಡಿ ಅದನ್ನ ಬಿಟ್ಟು ಕಳಿಸಿದರೆ ಯಾರು ಹೊಣೆ?

ಪಶುವೈದ್ಯಕೀಯ, ಚಳ್ಳಕೆರೆ: ಕುರಿ, ನಾಯಿ ಇರೋ ಮನೆಯಾ ಅಂತ ಯಾರೂ ಕೇಳಲಿಲ್ಲ. ನಾಯಿಯ ಲಾಡಿಹುಳದಿಂದ ಬರೋ ಹೈಡಾಟಿಡ್ ನೀರುಗುಳ್ಳೆಗೆ ತಿಳಿಯದೆ ಸೂಜಿ ಚುಚ್ಚಿದರೆ ನೀರು ಹೊಟ್ಟೆಯೊಳಗೆ ಸೋರಿ ಅನಾಫಿಲಾಕ್ಸಿಸ್ (ಜೀವಕ್ಕೇ ಅಪಾಯದ ಅಲರ್ಜಿ) ಆಗಬಹುದು, ಹೊಸ ಗುಳ್ಳೆಗಳೂ ಏಳಬಹುದು. ಚುಚ್ಚಲೇಬೇಕಾದರೆ ಮೊದಲು ಹುಳದ ಔಷಧಿ ಆಲ್ಬೆಂಡಜೋಲ್ ಶುರುವಾಗಿರಬೇಕು.

ವಿದ್ಯಾನಗರ: ಕೇಳಿರೋದು ಗಟ್ಟಿ ಗಡ್ಡೆ ಬಗ್ಗೆ. ನೀರುಗುಳ್ಳೆ ಇಲ್ಲಿಗ್ಯಾಕೆ ತಂದ್ರಿ?

ಚಳ್ಳಕೆರೆ: ಹಳೇ ಹೈಡಾಟಿಡ್, ಅಂದರೆ ಸಿಇ 4 ಅನ್ನೋ, ಗುಳ್ಳೆ ನಿಷ್ಕ್ರಿಯವಾದ ಹಂತದ್ದು, ಸ್ಕ್ಯಾನಿಂಗ್‌ನಲ್ಲಿ ಗಟ್ಟಿ ಗಡ್ಡೆಯಂತೆಯೇ ಕಾಣುತ್ತೆ. ಕಳಚಿದ ಪೊರೆ ಒಳಗೆ ಉಣ್ಣೆ ಉಂಡೆ ಥರ ಸುತ್ತಿಕೊಂಡಿರುತ್ತೆ. ನೀವೇ ಓದೋ ಚಿತ್ರ ಅಲ್ವಾ ಸರ್ ಅದು?

ಸರ್ಜರಿ, ಚಿತ್ರದುರ್ಗ: ಜಗಳ ಸಾಕು. ಅಕ್ಕ ಗರ್ಭನಿರೋಧಕ ಮಾತ್ರೆ ತಗೋತಾರಾ? ಅಡಿನೋಮಾ ಅಂತಾದರೆ ಮಾತ್ರೆ ನಿಲ್ಲಿಸಿ 6 ತಿಂಗಳಿಗೆ ಮತ್ತೆ ಎಂ.ಆರ್.ಐ.; ಆಗಲೂ 5 ಸೆಂ.ಮೀ. ಮೀರಿದ್ದರೆ ರಕ್ತಸ್ರಾವದ ಭಯ, ತೆಗೆಸಬೇಕು. ಗಂಡಸರಲ್ಲಾದರೆ ಅಳತೆ ನೋಡದೆ ತೆಗೀತಾರೆ. ಹೆಪಟೈಟಿಸ್ ಬಿ ರಿಪೋರ್ಟ್ ಇದ್ದರೆ ಇಲ್ಲಿ ಹಾಕಿ. ಅದು ಪಾಸಿಟಿವ್ ಬಂದರೆ ಲಿವರ್ ಕ್ಯಾನ್ಸರ್ ಅನುಮಾನವೇ ಮೊದಲು, ಮೇಲಿನ ಲೆಕ್ಕ ಯಾವುದೂ ನಡೆಯಲ್ಲ.