ಚಳ್ಳಕೆರೆ: 4 ಎಕರೆ ಶೇಂಗಾಕ್ಕೆ ಕೃಷಿ ಹೊಂಡವೋ, ಇನ್ನೊಂದು ಬೋರೋ?

ಕೆಮ್ಮಣ್ಣು_ಚಳ್ಳಕೆರೆ
ನಾಲ್ಕು ಎಕರೆ ಕೆಂಪು ಮಸಾರಿ (ಮರಳು ಮಿಶ್ರಿತ) ಮಣ್ಣು, ಮಳೆಯಾಶ್ರಿತ. ಜುಲೈ ಮಧ್ಯದಲ್ಲಿ ಶೇಂಗಾ, ಎಂಟು ಸಾಲಿಗೆ ಒಂದು ಸಾಲು ತೊಗರಿ. ಆಗಸ್ಟ್ ಕೊನೆಗೆ ಮಳೆ ಕೈಕೊಟ್ಟರೆ ಊಡು (ಕಾಯಿ ಕಟ್ಟಲು ಮಣ್ಣಿಗಿಳಿಯುವ ಎಳೆ) ಇಳಿಯುವ ಹೊತ್ತಿಗೆ ನೆಲ ಗಟ್ಟಿಯಾಗಿ ಬೆಳೆ ನಿಂತುಬಿಡುತ್ತದೆ. ಹಳೇ ಬೋರಿನಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತದೆ. 10×10×3 ಮೀಟರ್ ಹೊಂಡ ತೆಗೆಸಿದರೆ 3 ಲಕ್ಷ ಲೀಟರ್ ನಿಲ್ಲುತ್ತದೆ, ನಾಲ್ಕೂ ಎಕರೆಗೆ ಸಾಕು ಎನ್ನುತ್ತಾರೆ. ನಿಜವೇ? ಅಥವಾ ಆ ದುಡ್ಡನ್ನು ಹೊಸ ಬೋರಿಗೆ ಹಾಕುವುದು ಒಳ್ಳೆಯದೇ?

ಹೊಂಡದ_ಲೆಕ್ಕ
3 ಲಕ್ಷ ಲೀಟರ್ ನಿಲ್ಲುವುದಿಲ್ಲ. ಗೋಡೆ ನೆಟ್ಟಗೆ ಕಡಿದರೆ ಮಾತ್ರ ಆ ಲೆಕ್ಕ, ಹಾಗೆ ಕಡಿದರೆ ಮೊದಲ ದೊಡ್ಡ ಮಳೆಗೇ ಕುಸಿಯುತ್ತದೆ. ಕೆಂಪು ಮಣ್ಣಿನಲ್ಲಿ ಒಂದು ಮೀಟರ್ ಆಳಕ್ಕೆ ಗೋಡೆ ಒಂದು ಮೀಟರ್ ಒಳಕ್ಕೆ ಬರುವ 1:1 ಇಳಿಜಾರು ಬೇಕೇ ಬೇಕು (ಎರೆ ಮಣ್ಣಾದರೆ 1.5:1). ಅಂದರೆ ಮೇಲೆ 10×10 ಇದ್ದರೆ ತಳ 4×4 ಮಾತ್ರ, ಹಿಡಿಯುವುದು 156 ಘನ ಮೀಟರ್, ಒಂದೂವರೆ ಲಕ್ಷ ಲೀಟರ್. 12×12 ಮಾಡಿದರೆ 252, 15×15 ಮಾಡಿದರೆ 441 ಘನ ಮೀಟರ್. ಬಾಯಿ ಸ್ವಲ್ಪ ಅಗಲವಾದರೂ ನೀರು ಎಷ್ಟು ಹೆಚ್ಚುತ್ತದೆ ನೋಡಿ.

ಒಂದು ಎಕರೆಗೆ 25 ಮಿ.ಮೀ. ಒಂದು ಸಲ ಕೊಡಲು ಒಂದು ಲಕ್ಷ ಲೀಟರ್ ಬೇಕು. ಆವಿ, ತಳದ ರಾಡಿ ಕಳೆದರೆ 10×10ರ ಹೊಂಡ ಒಂದು ಎಕರೆಯ ಒಂದು ನೀರಿಗೆ ಸರಿಹೋಯಿತು. ನಾಲ್ಕು ಎಕರೆಗೂ ಹಂಚಲು ಹೋದರೆ ಯಾವ ಎಕರೆಗೂ ದಕ್ಕುವುದಿಲ್ಲ. ಯಾವ ಎಕರೆಗೆ, ಯಾವ ವಾರ ಎಂದು ಬಿತ್ತುವಾಗಲೇ ತೀರ್ಮಾನ ಮಾಡಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಅದು ಬಿತ್ತಿದ 40ರಿಂದ 60 ದಿನದ ಒಳಗೆ ಇರಬೇಕು. ಜಿಪ್ಸಂ ಎಕರೆಗೆ 200 ಕೆ.ಜಿ. ಹಾಕಿ ಮಣ್ಣೇರಿಸಿದ್ದರೂ, ಮೇಲ್ಮಣ್ಣು ಒಣಗಿದ್ದರೆ ಕಾಯಿಗೆ ಸುಣ್ಣದಂಶ ಸೇರುವುದಿಲ್ಲ, ಜೊಳ್ಳು ಕಾಯಿ ಹೆಚ್ಚುತ್ತದೆ.

ಕಾಲುವೆ ಕಟ್ಟಿ ಹಾಯಿಸಬೇಡಿ, ತುಂತುರು ಪೈಪೇ ಬೇಕು. 12 ಮೀಟರ್ ಅಂತರಕ್ಕೆ ಒಂದು ಜೆಟ್ (ನೀರು ಚಿಮ್ಮುವ ಮೂತಿ), ನಿಮಿಷಕ್ಕೆ 30 ಲೀಟರ್ ಎಂದಿಟ್ಟುಕೊಂಡರೆ ಒಂದು ಜಾಗದಲ್ಲಿ ಎರಡು ಗಂಟೆ ನಡೆಸಿದರೆ 25 ಮಿ.ಮೀ. ಆಗುತ್ತದೆ. ಹತ್ತು ಜೆಟ್‌ಗೆ 5 ಎಚ್‌ಪಿ ಪಂಪ್ ಬೇಕು. 3 ಎಚ್‌ಪಿಗೆ ಆರಕ್ಕಿಂತ ಹೆಚ್ಚು ಹಾಕಿದರೆ ಒತ್ತಡ ಬೀಳುತ್ತದೆ, ಜೆಟ್ ಬುಡದಲ್ಲೇ ನೀರು ಸುರಿದು ನಡುವೆ ಒಣಗಿರುತ್ತದೆ. ಗಾಳಿ ಇಲ್ಲದ ಬೆಳಗಿನ ಜಾವ ಶುರು ಮಾಡಿ.

ವೇದಾವತಿ_ದಂಡೆ
ಮೇಲಿನ ಲೆಕ್ಕ ಸರಿ, ಆದರೆ ಹೊಂಡ ತುಂಬುವುದು ಯಾವಾಗ ಎಂಬುದನ್ನೂ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಗಟ್ಟಿ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಹೆಚ್ಚು. ನಾಲ್ಕು ಎಕರೆ ಮೇಲೆ ಒಂದೇ ಸಲಕ್ಕೆ 30 ಮಿ.ಮೀ. ಬಿದ್ದು ಅದರಲ್ಲಿ ಶೇ. 15 ಹರಿದು ಬಂದರೆ 73 ಘನ ಮೀಟರ್. ಅಂಥ ಎರಡು ಮಳೆ ಬಂದರೆ 10×10ರ ಹೊಂಡ ಹೆಚ್ಚುಕಡಿಮೆ ತುಂಬುತ್ತದೆ. ಸೋನೆ ಮಳೆ ಎಷ್ಟು ದಿನ ಹಿಡಿದರೂ ಹೊಂಡಕ್ಕೆ ಹನಿ ಇಳಿಯುವುದಿಲ್ಲ. ಆಗಸ್ಟ್ ಒಳಗೆ ತುಂಬದ ವರ್ಷ ಶೇಂಗಾಕ್ಕೆ ನೀರು ಕೊಡುವ ಆಸೆ ಬಿಟ್ಟು, ಆಮೇಲೆ ತುಂಬಿದ ನೀರನ್ನು ತೊಗರಿಗೆ ಇಡಿ. ಶೇಂಗಾ ಕಿತ್ತ ಮೇಲೂ ತೊಗರಿ ಹೊಲದಲ್ಲೇ ಇರುತ್ತದೆ. ಹೂವು, ಕಾಯಿ ಹೊತ್ತಿಗೆ ಒಂದು ನೀರು ಸಿಕ್ಕರೆ ಬಹಳ ವ್ಯತ್ಯಾಸ ಕಾಣುತ್ತದೆ. ನೀವು ತೊಗರಿ ಸಾಲು ಬಿಟ್ಟಿರುವುದೇ ಒಳ್ಳೆಯ ಕೆಲಸ.

ಬೋರಿನ ವಿಷಯಕ್ಕೆ ಬಂದರೆ, ಇಲ್ಲಿರುವುದು ಗಟ್ಟಿ ಬಂಡೆ. ನೀರು ಬಂಡೆಯ ಬಿರುಕಿನಲ್ಲಿ ಮಾತ್ರ. ಸುತ್ತಮುತ್ತ ಬೋರುಗಳು ಬತ್ತುತ್ತಿರುವ ಕಡೆ ಹೊಸದಕ್ಕೆ ಹಣ ಹಾಕಬೇಡಿ. ಹಳೆಯದಕ್ಕೇ ಮರುಪೂರಣ ಮಾಡಿ, ಅಂದರೆ ಮಳೆ ನೀರು ಇಂಗಿಸಿ: ಕೇಸಿಂಗ್ (ಬೋರಿಗೆ ಇಳಿಸಿದ ಕೊಳವೆ) ಸುತ್ತ 3 ಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆದು, ಗುಂಡಿಯೊಳಗಿನ ಕೇಸಿಂಗ್‌ನ ಕೆಳಭಾಗದಲ್ಲಿ ಸಣ್ಣ ತೂತು ಕೊರೆದು, ಸೊಳ್ಳೆ ಪರದೆಯಂಥ ನೈಲಾನ್ ಜಾಲರಿ ಎರಡು ಮೂರು ಸುತ್ತು ಕಟ್ಟಿ, ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಔಷಧಿ ಹೊಡೆದ ಹೊಲದ ನೀರನ್ನು ಅದಕ್ಕೆ ಬಿಡಲೇಬೇಡಿ. ಮರಳಿನ ಮೇಲೆ ಕಟ್ಟುವ ಕೆನೆಮಣ್ಣನ್ನು ಪ್ರತಿ ಮುಂಗಾರಿಗೆ ಮುಂಚೆ ಕೆರೆದು ತೆಗೆಯದಿದ್ದರೆ ಗುಂಡಿ ಬರೀ ನೀರು ನಿಲ್ಲುವ ತೊಟ್ಟಿಯಾಗುತ್ತದೆ. ಇಂಗಿದ ನೀರು ನಿಮ್ಮ ಬೋರಿಗಷ್ಟೇ ಅಲ್ಲ, ಅಕ್ಕಪಕ್ಕದ ಬೋರಿಗೂ ಹೋಗುತ್ತದೆ. ಅದಕ್ಕೇ ನಾಲ್ಕು ಜನ ಕೂಡಿ ಮಾಡಿದರೆ ಹೆಚ್ಚು ಫಲ.

ಕೆಮ್ಮಣ್ಣು_ಚಳ್ಳಕೆರೆ
ಹಾಗಾದರೆ 12×12 ಎಂದುಕೊಳ್ಳುತ್ತೇನೆ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕೇ? ಜಾಗ ಯಾವ ಮೂಲೆ?

ಹೊಂಡದ_ಲೆಕ್ಕ
ಮಸಾರಿಯಲ್ಲಿ ಹಾಳೆ ಇಲ್ಲದಿದ್ದರೆ ನೀರು ನಿಲ್ಲುವುದಿಲ್ಲ, 500 ಮೈಕ್ರಾನ್ ಹಾಸಿ. 12×12ಕ್ಕೆ ತಳ 6, ಎರಡು ಇಳಿಜಾರು ತಲಾ 4.25, ಅಂಚಿಗೆ ಹೂಳಲು ಎರಡೂ ಕಡೆ 0.75. ಒಟ್ಟು 16×16 ಮೀಟರ್. ಒಂದೇ ತುಂಡಾಗಿ ಬೆಸುಗೆ ಮಾಡಿಸಿ ತರಿಸಿ, ಒಂದರ ಮೇಲೊಂದು ಹೊದಿಸಿದ ಜೋಡಣೆ ಸೋರುತ್ತದೆ. ಹಾಸುವ ಮುಂಚೆ ಬೇರು, ಚೂಪು ಕಲ್ಲು ಆರಿಸಿ, ಜರಡಿ ಹಿಡಿದ ಮಣ್ಣು ಎರಡಿಂಚು ಹರಡಿ ದಮ್ಮಸು ಹೊಡೆಯಿರಿ. ಎಳೆದು ಬಿಗಿ ಮಾಡಬೇಡಿ, ಸ್ವಲ್ಪ ಸಡಿಲ ಇರಲಿ. ನೀರಿನ ಭಾರಕ್ಕೆ ಹರಿಯುವುದು ಬಿಗಿಯಾದ ಮೂಲೆಯಲ್ಲೇ.

ಜಾಗ ಹೊಲದ ತಗ್ಗಿನ ಮೂಲೆ, ಆದರೆ ಹಳ್ಳದ ಪಾತ್ರದಲ್ಲಿ ಬೇಡ. ನೀರು ಬರುವ ಬಾಯಿಗೆ ಮುಂಚೆ 2×2×1 ಮೀಟರ್ ಹೂಳು ಗುಂಡಿ, ಬಾಯಿಗೆ ಕಲ್ಲು ಹಾಸು. ಹೆಚ್ಚಾದ ನೀರು ಹೊರಹೋಗುವ ಕೋಡಿ ಏರಿಗಿಂತ ಒಂದು ಅಡಿ ತಗ್ಗಿರಲಿ. ತೆಗೆದ ಮಣ್ಣು ಅಂಚಿನಿಂದ ಒಂದು ಮೀಟರ್ ದೂರಕ್ಕೆ ಬೀಳಲಿ.

ಬೇಲಿ ಇಲ್ಲದೆ ಒಂದು ದಿನವೂ ನೀರು ತುಂಬಿಸಬೇಡಿ. ನೆನೆದ ಹಾಳೆ ಪಾಚಿಯಂತೆ ಜಾರುತ್ತದೆ, ಬಿದ್ದ ಮಗು ಹತ್ತಿ ಬರಲಾರದು. ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗ ತಳದವರೆಗೆ ಇಳಿಬಿಡಿ, ಒಂದೆರಡು ಗಾಳಿ ತುಂಬಿದ ಟ್ಯೂಬ್ ತೇಲಿರಲಿ.

ವೇದಾವತಿ_ದಂಡೆ
ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ, ಹಾಳೆ, ಬೇಲಿ, ಪಂಪ್, ತುಂತುರು ಘಟಕ ಒಟ್ಟಿಗೇ ಬರುತ್ತವೆ. ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಪಹಣಿ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಕಾರ್ಯಾದೇಶ ಕೈಗೆ ಬರುವ ಮುಂಚೆ ಜೆಸಿಬಿ ಇಳಿಸಬೇಡಿ. ಮಣ್ಣು, ಇಳಿಜಾರಿನ ಅನುಮಾನಕ್ಕೆ ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ.